ಪಕ್ಕದಲ್ಲೇ ಕೂತಿದ್ದೀರಿ, ಆದರೆ ಎಲ್ಲಿದ್ದೀರಿ?

ಪ್ರಶ್ನೆ: ನನಗೆ 43 ವರ್ಷ. ಹೆಂಡತಿ ದಿನದ ಸುದ್ದಿ ಹೇಳುವಾಗ ನಾನು ಪಕ್ಕದಲ್ಲೇ ಇರುತ್ತೇನೆ, ಹೂಂಗುಡುತ್ತೇನೆ. ಆದರೂ ‘ನೀವು ಕೇಳಿಸಿಕೊಳ್ತೀರಿ, ಆದ್ರೆ ಕೇಳಲ್ಲ’ ಅನ್ನುತ್ತಾಳೆ. ಅವಳ ಕೊನೆಯ ವಾಕ್ಯವನ್ನು ಅಕ್ಷರ ಬಿಡದೆ ಒಪ್ಪಿಸಿದರೆ ಸಿಟ್ಟು ಇನ್ನೂ ಜಾಸ್ತಿಯಾಗುತ್ತದೆ. ವಿಚಿತ್ರವೆಂದರೆ, ಕಾಯಿಲೆಬಿದ್ದ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುವವರ ಒಂದು ಗುಂಪನ್ನು ಎರಡು ವರ್ಷದಿಂದ ನಡೆಸುತ್ತಿರುವವನೂ ನಾನೇ. ನನ್ನನ್ನು ಬಿಟ್ಟು ಹನ್ನೊಂದು ಜನ, ವಾರಕ್ಕೊಮ್ಮೆ ಒಂದೂವರೆ ಗಂಟೆ. ಕಳೆದ ತಿಂಗಳು ಒಬ್ಬರು ತಮ್ಮ ತಾಯಿಯ ಬಗ್ಗೆ ಹೇಳುತ್ತಿದ್ದಾಗ ನಾನು ಗಡಿಯಾರ ನೋಡಿದೆ. ಅವರು ‘ಇರಲಿ ಬಿಡಿ’ ಎಂದು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಬಂದೇ ಇಲ್ಲ. ಗುಂಪು ಮುಗಿಸಿ ಮನೆಗೆ ಬಂದರೆ ಯಾರ ಮಾತೂ ಬೇಡ ಅನಿಸುತ್ತದೆ. ರಾತ್ರಿ ಮಾತ್ರ ಎಲ್ಲರ ಕಷ್ಟಗಳೂ ತಲೆಯಲ್ಲಿ ಸುತ್ತುತ್ತವೆ. ನನಗೆ ಕರುಣೆಯೇ ಇಲ್ಲವೇ? ಧ್ಯಾನ ಕಲಿತರೆ ಸರಿಹೋಗುತ್ತದೆಯೇ?

ಉತ್ತರ: ಕರುಣೆ ಇಲ್ಲದವರಿಗೆ ಇನ್ನೊಬ್ಬರ ಕಷ್ಟಕ್ಕೆ ನಿದ್ದೆ ಕೆಡುವುದಿಲ್ಲ. ಆ ಅನುಮಾನವನ್ನು ಇಲ್ಲಿಗೇ ಬಿಡಿ. ನಿಮ್ಮ ತೊಡಕು ಬೇರೆ: ಎದುರಿನವರ ಮಾತು ಮುಗಿಯುವ ಮೊದಲೇ ನಿಮ್ಮೊಳಗೆ ಅದು ಮುಗಿದುಹೋಗಿರುತ್ತದೆ.

ನಿಮ್ಮ ಹೆಂಡತಿ ಆಡಿದ ಮಾತನ್ನೇ ಇನ್ನೊಮ್ಮೆ ನೋಡಿ. ಕನ್ನಡದಲ್ಲಿ ‘ಕೇಳು’ ಎಂಬ ಪದಕ್ಕೆ ಎರಡು ಕೆಲಸ. ಕಿವಿಗೊಡುವುದೂ ಅದೇ, ಪ್ರಶ್ನೆ ಮಾಡುವುದೂ ಅದೇ. ಕೊನೆಯ ವಾಕ್ಯವನ್ನು ಒಪ್ಪಿಸಿದರೆ ಮೊದಲನೆಯದಕ್ಕೂ ಸಾಕ್ಷಿ ಸಿಕ್ಕಂತಲ್ಲ. ಗಮನ ಎಲ್ಲೋ ಇದ್ದರೂ ಈಗಷ್ಟೇ ಕೇಳಿದ ಸದ್ದು ಕೆಲವು ಸೆಕೆಂಡು ಕಿವಿಯಲ್ಲಿ ಉಳಿದಿರುತ್ತದೆ, ನೀವು ಒಪ್ಪಿಸುವುದು ಅದನ್ನು. ಅವರು ಕಾಯುತ್ತಿರುವುದು ಎರಡನೆಯ ಕೆಲಸಕ್ಕೆ, ಅವರ ಮಾತಿನಿಂದಲೇ ಹುಟ್ಟಿದ ಒಂದು ಪ್ರಶ್ನೆಗೆ.

ಇದು ನಿಮ್ಮೊಬ್ಬರ ಕೊರತೆಯೇನಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವನ್ನು ಹತ್ತು ಭಾಷೆಗಳಲ್ಲಿ ಅಳೆದ ಅಧ್ಯಯನವೊಂದು 2009ರಲ್ಲಿ ಬಂತು. ಆ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೇ ಒಂದು ಪಾಲು. ಆದರೆ ಒಂದೇ ಒಂದು ಪದವನ್ನು ಬಾಯಿಗೆ ತರುವುದಕ್ಕೂ ಮಿದುಳಿಗೆ ಸುಮಾರು 600 ಮಿಲಿಸೆಕೆಂಡ್ ಬೇಕು. ಹಾಗಾದರೆ ಲೆಕ್ಕ ಕೂಡುವುದು ಹೇಗೆ? ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಾವೆಲ್ಲ ಒಳಗೆ ಉತ್ತರ ಕಟ್ಟಲು ಶುರು ಮಾಡಿರುತ್ತೇವೆ. ‘ಬೀಗದ ಕೈ ಎಲ್ಲಿ’ ಎಂಬಂಥ ಮಾತಿಗೆ ಇದು ಸಾಕು, ಬೇಕು ಕೂಡ. ಮನಸ್ಸು ನೊಂದ ಮಾತಿಗೂ ಅದೇ ಓಟ ಓಡಿದರೆ, ಅರ್ಧ ಕೇಳಿದ ಮಾತಿಗೆ ಪೂರ್ತಿ ಉತ್ತರ ಸಿದ್ಧವಾಗಿರುತ್ತದೆ. ಆ ಸಿದ್ಧತೆ ಮುಖದಲ್ಲಿ ಕಾಣುತ್ತದೆ: ಹೂಂ ಬೇಗ ಬೀಳುತ್ತದೆ, ಹುಬ್ಬು ಅಲುಗುವುದಿಲ್ಲ, ಉಸಿರು ಮಾತಿಗೆ ಹೊರಟು ನಿಂತಿರುತ್ತದೆ.

ಒಂದು ಸಂಜೆಯನ್ನು ಹತ್ತಿರದಿಂದ ನೋಡೋಣ. ಅವರು ಬಂದು, ‘ಇವತ್ತು ಮೀಟಿಂಗಲ್ಲಿ ನನ್ನ ಮಾತನ್ನ ಅರ್ಧಕ್ಕೇ ತುಂಡು ಮಾಡಿದ್ರು’ ಅನ್ನುತ್ತಾರೆ. ‘ನಂಗೂ ಹೋದ ವಾರ ಹಾಗೇ ಆಯ್ತು’ ಅಂದಿರೋ, ಮಾತು ನಿಮ್ಮ ಕಡೆ ಬಂತು. ‘ನೀನು ಮೊದಲೇ ಗಟ್ಟಿಯಾಗಿ ಹೇಳ್ಬೇಕಿತ್ತು’ ಅಂದರೆ ಅದು ತೀರ್ಪು. ‘ಅಯ್ಯೋ ಬಿಡು, ಅವರಿಗೇನು ಗೊತ್ತು’ ಅನ್ನುವುದು ಪ್ರೀತಿಯಂತೆ ಕಂಡರೂ ಬಾಗಿಲು ಮುಚ್ಚುವ ಮಾತೇ. ಬದಲಿಗೆ, ‘ಅರ್ಧಕ್ಕೇನಾ? ಏನು ಹೇಳ್ತಿದ್ದೆ ಆಗ?’ ಎಂದು ನೋಡಿ. ಅವರದೇ ಪದ ಒಂದು, ಅದರ ಹಿಂದೆ ಒಂದು ಪ್ರಶ್ನೆ, ಅಷ್ಟೇ. ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಡರ್ಬರ್ 1979ರಲ್ಲಿ ವಿಂಗಡಿಸಿ ತೋರಿಸಿದ್ದು ಇದನ್ನೇ: ಮಾತನ್ನು ನಮ್ಮ ಕಡೆಗೆ ಎಳೆದುಕೊಳ್ಳುವ ಪ್ರತಿಕ್ರಿಯೆ, ಮಾತನ್ನು ಅವರಲ್ಲೇ ಉಳಿಸುವ ಪ್ರತಿಕ್ರಿಯೆ. ಮೊದಲನೆಯದು ತಪ್ಪೇನಲ್ಲ, ಸ್ನೇಹದಲ್ಲಿ ಅದೂ ಬೇಕು. ಮೊದಲ ಮೂರು ಸರದಿಯಲ್ಲಿ ಮಾತ್ರ ಬೇಡ.

ಇನ್ನು ಮನೆಯಲ್ಲಿ ಮಾಡಬೇಕಾದದ್ದು. ದಿನಕ್ಕೆ ಹದಿನೈದು ನಿಮಿಷ ಸಾಕು. ‘ಇಡೀ ಸಂಜೆ ನಿನಗೇ’ ಎಂಬ ಭರವಸೆ ಮೂರನೇ ದಿನಕ್ಕೆ ಮುರಿಯುತ್ತದೆ. ಅವರು ಮಾತು ಶುರು ಮಾಡಿದಾಗ ಕೈಯಲ್ಲಿ ಕೆಲಸವಿದ್ದರೆ, ಎಲ್ಲಿ ನಿಲ್ಲಿಸಿದಿರಿ, ಮುಂದೆ ಏನು ಎಂದು ಒಂದು ಸಾಲು ಬರೆದಿಡಿ. ಅರ್ಧಕ್ಕೆ ಬಿಟ್ಟ ಕೆಲಸ ಗಮನದ ಒಂದು ತುಣುಕನ್ನು ಹಿಡಿದಿಟ್ಟುಕೊಳ್ಳುತ್ತದೆ, ಬರೆದಿಟ್ಟರೆ ಹಿಡಿತ ಸಡಿಲವಾಗುತ್ತದೆ. ಫೋನನ್ನು ಬೋರಲು ಹಾಕುವುದಲ್ಲ, ಬೇರೆ ಕೋಣೆಯಲ್ಲಿಡಿ. ಕೈಗೆಟುಕುವಷ್ಟು ಹತ್ತಿರವಿದ್ದರೆ ಅದನ್ನು ಮುಟ್ಟದಿರುವುದೇ ಒಂದು ಕೆಲಸವಾಗುತ್ತದೆ. ಕೂತು ಎರಡೂ ಪಾದ ನೆಲಕ್ಕೆ ಊರಿ, ಒಮ್ಮೆ ಉದ್ದಕ್ಕೆ ಉಸಿರು ಬಿಡಿ. ಅವರು ನಿಲ್ಲಿಸಿದ ಮೇಲೆ ಒಂದು ಪೂರ್ತಿ ಉಸಿರು ಒಳಗೆ ಹೋಗಿ ಹೊರಗೆ ಬರುವ ತನಕ ಬಾಯಿ ತೆರೆಯಬೇಡಿ. ಅಸಲಿ ಮಾತು ಎಷ್ಟೋ ಸಲ ಆ ಬಿಡುವಿನಲ್ಲೇ ಬರುತ್ತದೆ.

ಮನಸ್ಸು ಜಾರುತ್ತದೆ. ಜಾರದಂತೆ ತಡೆಯುವುದು ನಿಮ್ಮ ಕೆಲಸವೇ ಅಲ್ಲ. ಜನರಿಗೆ ದಿನದ ನಾನಾ ಹೊತ್ತಿನಲ್ಲಿ ಸಂದೇಶ ಕಳಿಸಿ ‘ಈಗ ಮನಸ್ಸು ಎಲ್ಲಿದೆ’ ಎಂದು ಕೇಳಿದ 2010ರ ಒಂದು ಅಧ್ಯಯನದಲ್ಲಿ, ಸುಮಾರು 47 ಶೇಕಡಾ ಸಲ ಅದು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಆದ್ದರಿಂದ ಜಾರಿದ್ದು ಗೊತ್ತಾದ ಕೂಡಲೇ ಅವರ ಕೊನೆಯ ಪದಕ್ಕೆ ವಾಪಸ್ ಬನ್ನಿ. ಎಳೆ ತಪ್ಪಿಯೇ ಹೋಗಿದ್ದರೆ ನಟಿಸಬೇಡಿ. ‘ಒಂದು ನಿಮಿಷ ಎಲ್ಲೋ ಹೋಗಿಬಿಟ್ಟೆ, ಅವರು ಎದ್ದು ನಿಂತರು ಅಂದೆಯಲ್ಲ, ಅಲ್ಲಿಂದ ಹೇಳು’ ಅನ್ನಿ. ಮೊದಲ ಸಲ ಮುಜುಗರವಾಗುತ್ತದೆ, ಆದರೆ ನಾಟಕದ ಹೂಂಗಿಂತ ಇದನ್ನು ಯಾರಾದರೂ ಬೇಗ ಕ್ಷಮಿಸುತ್ತಾರೆ. ನಿಜಕ್ಕೂ ಪುರಸೊತ್ತಿಲ್ಲದ ದಿನ ‘ಈಗ ಆಗಲ್ಲ, ಒಂಬತ್ತಕ್ಕೆ ಕೂರೋಣ’ ಎಂದು ಹೇಳಬಹುದು. ಒಂಬತ್ತಕ್ಕೆ ಮಾತು ತೆಗೆಯಬೇಕಾದವರು ಮಾತ್ರ ನೀವು. ಅವರೇ ಜ್ಞಾಪಿಸಬೇಕಾಗಿ ಬಂದರೆ ಇಡೀ ಏರ್ಪಾಡು ಕೆಟ್ಟಿತು.

ಹೊಸದಾಗಿ ಕಲಿತವರು ಅತಿ ಮಾಡಿ ಕೆಡಿಸುವುದೂ ಉಂಟು. ಕಣ್ಣು ಮಿಟುಕಿಸದೆ ದಿಟ್ಟಿಸಿದರೆ ವಿಚಾರಣೆಯಂತಾಗುತ್ತದೆ. ಇಬ್ಬರೂ ಪಕ್ಕಪಕ್ಕ ನಡೆಯುವಾಗಲೋ ಪಾತ್ರೆ ಒರೆಸುವಾಗಲೋ ಕೆಲವರಿಗೆ ಮಾತು ಸಲೀಸು. ‘ಅಂದರೆ ನಿನಗೆ ಬೇಸರವಾಗಿದೆ’ ಎಂದು ಪ್ರತಿ ವಾಕ್ಯವನ್ನೂ ತಿರುಗಿಸಿ ಹೇಳುವ ಚಾಳಿ ಇನ್ನೊಂದು. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ 1957ರಲ್ಲಿ ‘ಸಕ್ರಿಯ ಆಲಿಸುವಿಕೆ’ (ಕೇಳಿದ ಮಾತಿನ ಭಾವ ಹಿಡಿದು, ಅದನ್ನು ಮರಳಿ ಹೇಳಿ ಖಚಿತಪಡಿಸಿಕೊಳ್ಳುವುದು) ಎಂಬ ಮಾತನ್ನು ಬಳಕೆಗೆ ತಂದರು. ತಮ್ಮ ವಿಧಾನ ಬರೀ ಗಿಳಿಪಾಠದ ತಂತ್ರವಾಗಿಬಿಟ್ಟದ್ದಕ್ಕೆ ಮುಂದೆ ರೋಜರ್ಸ್ ಅವರೇ ಬೇಸರಪಟ್ಟರು. ಇನ್ನು ಹೆಂಡತಿಯ ದೂರು ನಿಮ್ಮ ಮೇಲೆಯೇ ಇದ್ದಾಗ? ಅದು ಎಲ್ಲಕ್ಕಿಂತ ಕಷ್ಟ. ಆಗ ಒಂದೇ ನಿಯಮ: ‘ಆದರೆ’ ಎಂಬ ಪದ ಆ ಹದಿನೈದು ನಿಮಿಷ ನಿಮ್ಮ ಬಾಯಲ್ಲಿ ಬರಕೂಡದು. ನಿಮ್ಮ ಕಡೆಯ ಮಾತು ನಾಳೆಗೂ ಹಳಸುವುದಿಲ್ಲ.

ಗುಂಪಿಗೆ ಬರೋಣ. ಗಡಿಯಾರ ನೋಡಿದ್ದು ಅಪರಾಧವಲ್ಲ. ಗಡಿಯಾರ ನೋಡುವ ಕೆಲಸ, ಮಾತು ಕೇಳುವ ಕೆಲಸ ಎರಡನ್ನೂ ಒಬ್ಬರೇ ಹೊತ್ತದ್ದು ತಪ್ಪು. ಪ್ರತಿ ವಾರ ಬೇರೊಬ್ಬರು ಗಡಿಯಾರ ನೋಡಲಿ. ನಾಲ್ಕು ನಿಮಿಷಕ್ಕೆ ಒಂದು ಬೆರಳು ಎತ್ತಲಿ, ಐದಕ್ಕೆ ಅಂಗೈ ತೋರಿಸಲಿ. ತೊಂಬತ್ತು ನಿಮಿಷವನ್ನು ಹೀಗೆ ಹಂಚಿ: ಶುರುವಿಗೆ ಐದು, ತಲಾ ಐದರಂತೆ ಹನ್ನೊಂದು ಜನಕ್ಕೆ ಐವತ್ತೈದು, ಸುತ್ತಿನಲ್ಲಿ ಭಾರವಾಗಿ ಉಳಿದ ಒಂದೇ ವಿಷಯಕ್ಕೆ ಹದಿನೈದು, ಮುಕ್ತಾಯಕ್ಕೆ ಹತ್ತು. ಮಿಕ್ಕ ಐದು ನಿಮಿಷ ನಡುನಡುವಿನ ಮೌನಕ್ಕೆ ಹೋಗುತ್ತದೆ. ಜನ ಹನ್ನೆರಡು ದಾಟಿದರೆ ಈ ಲೆಕ್ಕ ಕುಸಿಯುತ್ತದೆ, ಆಗ ನಾಲ್ಕು ನಾಲ್ಕು ಜನರ ತಂಡ ಮಾಡಿ.

ಒಬ್ಬರು ಮುಗಿಸಿದ ಮೇಲೆ ಹತ್ತು ಸೆಕೆಂಡು ಯಾರೂ ಮಾತಾಡಬಾರದು. ಮನಸ್ಸಿನಲ್ಲೇ ಎಣಿಸಿ, ಅಂದಾಜು ನಂಬಬೇಡಿ. ಗುಂಪು ನಡೆಸುವವರಿಗೆ ಮೂರು ಸೆಕೆಂಡೇ ಹತ್ತರಂತೆ ಅನಿಸುತ್ತದೆ. ತರಗತಿಗಳನ್ನು ಅಧ್ಯಯನ ಮಾಡಿದ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದು ನೆನಪಿರಲಿ. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಕಾಯುತ್ತಿದ್ದದ್ದು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು.

ಕೇಳದ ಹೊರತು ಸಲಹೆ ಇಲ್ಲ ಎಂಬುದು ಎರಡನೆಯ ನಿಯಮ. ಗುಂಪುಗಳು ಎಷ್ಟೋ ಸಲ ಒಡೆಯುವುದು ಕೇಳದೆ ಕೊಟ್ಟ ಸಲಹೆಯಿಂದಲೇ. ಒಬ್ಬರು ‘ಅಪ್ಪ ನನ್ನ ಗುರುತೇ ಹಿಡಿಯಲಿಲ್ಲ’ ಅಂದ ಕೂಡಲೇ ಮೂರು ಜನ ವೈದ್ಯರ ಹೆಸರು ಹೇಳುತ್ತಾರೆ. ಆ ವಾಕ್ಯ ನೆಲಕ್ಕೆ ಬಿತ್ತು, ಎತ್ತಿಕೊಂಡವರಿಲ್ಲ. ಸಲಹೆ ಹೇಳಲೇಬೇಕೆನಿಸಿದರೆ ‘ನನಗೊಂದು ತೋಚಿದೆ, ಹೇಳಲಾ?’ ಎಂದು ಅನುಮತಿ ಪಡೆಯಲಿ, ‘ಬೇಡ’ ಅಂದರೆ ಮುಗಿಯಿತು. ಯಾರಾದರೂ ಅತ್ತರೆ ಓಡಿಹೋಗಿ ಕರವಸ್ತ್ರ ತುರುಕಬೇಡಿ, ಎಷ್ಟೋ ಜನರಿಗೆ ಅದು ‘ಸಾಕು, ಒರೆಸಿಕೊ’ ಎಂದಂತೆ ಕೇಳಿಸುತ್ತದೆ. ಕೈಗೆಟುಕುವಲ್ಲಿ ಇಟ್ಟಿರಿ, ಬೇಕಾದಾಗ ತೆಗೆದುಕೊಳ್ಳುತ್ತಾರೆ. ಯಾರಾದರೂ ಸಾಯುವ ಮಾತಾಡಿದರೆ ಮಾತ್ರ ಇದೆಲ್ಲ ಪಕ್ಕಕ್ಕಿರಲಿ: ಅವರನ್ನು ಒಂಟಿಯಾಗಿ ಬಿಡಬೇಡಿ, ಅಂದೇ ವೈದ್ಯರ ಸಂಪರ್ಕ ಮಾಡಿಸಿ.

ಬರುವುದನ್ನು ನಿಲ್ಲಿಸಿದವರಿಗೆ ಮುಂದಿನ ಸಭೆಗೆ ಮೊದಲೇ ನಾಲ್ಕು ಸಾಲು ಬರೆಯಿರಿ. ‘ಆ ದಿನ ನೀವು ತಾಯಿಯ ಬಗ್ಗೆ ಹೇಳುತ್ತಿದ್ದಾಗ ನಾನು ಗಡಿಯಾರ ನೋಡಿದೆ. ನೀವು ಅಲ್ಲಿಗೇ ನಿಲ್ಲಿಸಿದಿರಿ. ತಪ್ಪು ನನ್ನದು. ಉಳಿದದ್ದನ್ನು ಹೇಳಬೇಕೆನಿಸಿದರೆ ಕೇಳುತ್ತೇನೆ, ಬೇಡವೆನಿಸಿದರೂ ಸರಿ.’ ಅಂದು ಎಷ್ಟು ದಣಿದಿದ್ದಿರಿ, ಹೊತ್ತು ಹೇಗೆ ಮೀರಿತ್ತು ಎಂಬ ವಿವರಣೆ ಒಂದಕ್ಷರವೂ ಬೇಡ. ವಿವರಣೆ ಬಂದರೆ ನಿಮ್ಮನ್ನು ಸಮಾಧಾನಪಡಿಸುವ ಹೊಣೆ ಅವರ ತಲೆಗೆ ಬೀಳುತ್ತದೆ.

ನಿಮ್ಮ ದಣಿವಿಗೂ ಮನೆಯ ಮೌನಕ್ಕೂ ನಂಟಿದೆ. ‘ಅನುಕಂಪ’ ಎಂಬ ಪದವನ್ನು ಬಿಡಿಸಿದರೆ ‘ಜೊತೆಯಲ್ಲಿ ನಡುಗುವುದು’ ಎಂದಾಗುತ್ತದೆ. ನೀವು ಮಾಡುತ್ತಿರುವುದು ಬಹುಶಃ ಅದನ್ನೇ, ಹನ್ನೊಂದು ಜನರ ಜೊತೆಗೂ ನಡುಗುವುದು. ನರವಿಜ್ಞಾನಿಗಳಾದ ತಾನಿಯಾ ಸಿಂಗರ್, ಓಲ್ಗಾ ಕ್ಲಿಮೆಕಿ ನಡೆಸಿದ ತರಬೇತಿ ಪ್ರಯೋಗಗಳಲ್ಲಿ, ಇನ್ನೊಬ್ಬರ ನೋವನ್ನು ತಾನೂ ಅನುಭವಿಸುವ ಅಭ್ಯಾಸ ಜನರ ಸಂಕಟವನ್ನೇ ಹೆಚ್ಚಿಸಿತು. ಅದರ ಮೇಲೆ ‘ಇವರಿಗೆ ಒಳ್ಳೆಯದಾಗಲಿ’ ಎಂಬ ಹಾರೈಕೆಯ ಅಭ್ಯಾಸ ಮಾಡಿಸಿದಾಗ ಸಂಕಟ ಇಳಿಯಿತು, ಬೆಚ್ಚನೆಯ ಭಾವ ಏರಿತು. ನಿಮಗೆ ಧ್ಯಾನ ಬೇಕಿದ್ದರೆ ಈ ಬಗೆಯದನ್ನು ದಿನಕ್ಕೆ ಹತ್ತು ನಿಮಿಷ ಮಾಡಿ. ಆದರೆ ಹೆಂಡತಿಯ ಜೊತೆಗಿನ ಹದಿನೈದು ನಿಮಿಷವನ್ನು ಕತ್ತರಿಸಿ ಅಲ್ಲ. ಗುಂಪಿನಲ್ಲಿ ಕೇಳುವಾಗಲೂ ಗಮನದ ಒಂದು ಪಾಲು ನಿಮ್ಮ ಅಂಗಾಲಿನಲ್ಲಿರಲಿ. ಹೊಟ್ಟೆ ಬಿಗಿಯಿತು ಎಂದು ಗೊತ್ತಾದಾಗ ಉಸಿರು ಬಿಡುತ್ತ, ಒಳಗೇ ‘ಇವರಿಗೆ ಸ್ವಲ್ಪ ಹಗುರವಾಗಲಿ’ ಅಂದುಕೊಳ್ಳಿ. ಸಭೆ ಮುಗಿದ ಮೇಲೆ ಮನೆಗೆ ಮೊದಲು ಇಪ್ಪತ್ತು ನಿಮಿಷ ಒಬ್ಬರೇ ನಡೆಯಿರಿ. ತಿಂಗಳಿಗೆ ಎರಡು ಸಭೆಯನ್ನಾದರೂ ಇನ್ನೊಬ್ಬರಿಗೆ ಬಿಟ್ಟುಕೊಡಿ; ಅಲ್ಲಿ ನಿಮ್ಮದೂ ಒಂದು ಸರದಿ ಇರಲಿ, ಎಲ್ಲರಂತೆ ಐದು ನಿಮಿಷ. ಇಷ್ಟಾದರೂ ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಕೆಡುತ್ತಲೇ ಇದ್ದರೆ ಆಪ್ತಸಮಾಲೋಚಕರನ್ನು ಕಾಣಿ.

ಮನೆಯಲ್ಲಿ ಫಲ ಬೇಗ ಕಾಣದಿರಬಹುದು. ‘ಈಗ ಚೆನ್ನಾಗಿ ಕೇಳ್ತಿದ್ದೀನಾ?’ ಎಂದು ಮೂರೇ ದಿನಕ್ಕೆ ಅಂಕ ಬೇಡಬೇಡಿ, ಒಂದು ತಿಂಗಳು ಹೋಗಲಿ. ಮೊದಲ ಸಂಜೆ ನೀವು ಫೋನನ್ನು ಒಳಗಿಟ್ಟು ಬಂದು ಕೂತಾಗ ಅವರು ‘ಇದೇನು ಹೊಸದು?’ ಅನ್ನುತ್ತಾರೆ, ಸ್ವಲ್ಪ ವ್ಯಂಗ್ಯವಾಗಿಯೇ. ಅಂಕಣ ಓದಿದ ಕಥೆ ಹೇಳಲು ಹೋಗಬೇಡಿ. ‘ಅರ್ಧಕ್ಕೇ ನಿಲ್ಲಿಸಿದ್ದೆಯಲ್ಲ, ಆಮೇಲೆ ಏನಾಯ್ತು?’ ಅನ್ನಿ.