ಮಧ್ಯಾಹ್ನ ಹೊರಟು ಅದೇ ಸಂಜೆ ಅಮೆರಿಕದಲ್ಲಿ

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ, ಮಧ್ಯಾಹ್ನ 2ಕ್ಕೆ ಹೊರಟ ನೇರ ವಿಮಾನ ಅದೇ ದಿನ ಸಂಜೆ 5.30ಕ್ಕೆ ಇಳಿಯೋದು ಹೇಗೆ ಅಂತ ಕೇಳಿದ್ದೀರಿ. ದೂರ ಸುಮಾರು 14,000 ಕಿಲೋಮೀಟರ್, ಹಾರಾಟ 16 ಗಂಟೆ ಆಸುಪಾಸು. ಆದರೆ ಅಲ್ಲಿನ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಬೇಸಿಗೆಯಾದರೆ 16ರಲ್ಲಿ ಹನ್ನೆರಡೂವರೆ ಕಳೆದು ನೋಡಿ, ಲೆಕ್ಕ ಸರಿಯಾಗಿದೆ ಅಲ್ವಾ?

ಗ್ಲೋಬ್ ಮೇಲೆ ದಾರ ಹಿಡಿದರೆ ತೀರಾ ಹತ್ತಿರದ ದಾರಿ ಉತ್ತರ ಧ್ರುವದ ಕಡೆಗೆ ಬಾಗಿ ಹೋಗುತ್ತದೆ (ಮಕ್ಕಳಿದ್ದರೆ ಮಾಡಿ ತೋರಿಸಿ, ಮಜಾ ಇರುತ್ತೆ). ಆದರೂ ಹೋಗುವಾಗ ಪೆಸಿಫಿಕ್ ಮೇಲಿನ ದಾರಿ ಹಿಡಿಯೋದುಂಟು, ಯಾಕಂದ್ರೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಹಿಂದಿನಿಂದ ತಳ್ಳುತ್ತದೆ, ಸುತ್ತಾದರೂ ಬೇಗ ತಲುಪಬಹುದು. ವಾಪಸ್ ಬರುವಾಗ ಒಂದು ಗಂಟೆಗೂ ಜಾಸ್ತಿ ಹಿಡಿಯಬಹುದು. ಅಮ್ಮನ ಜೊತೆ ಹೋಗ್ತಿದ್ದೀರಿ ಅಂದಿರಿ, ಅವರಿಗೆ ಐಲ್ ಸೀಟೇ ತಗೊಳ್ಳಿ.