ಬೈಬಲಿನಲ್ಲಿ ಅಪೊಸ್ತಲ ಪೌಲನು ಎಫೆಸದವರಿಗೆ ಬರೆದ ಪತ್ರದ 6:14ರಲ್ಲಿರುವ ‘ನೀತಿಯೆಂಬ ವಜ್ರಕವಚ’ವನ್ನು ದಿನನಿತ್ಯ ಧರಿಸುವುದು ಹೇಗೆ?

ಕವಚ ಕಾಯುವುದು ಎದೆಯನ್ನು. ಯೆಶಾಯ 59:17ರಲ್ಲಿ ಇದನ್ನು ತೊಟ್ಟವನು ಸ್ವತಃ ಯೆಹೋವನು. ಅಂದರೆ ಈ ನೀತಿ ದೇವರದ್ದು, ಕ್ರಿಸ್ತನ ಮೇಲಿನ ನಂಬಿಕೆಯಿಂದ ನಮಗೆ ದೊರಕುವಂಥದ್ದು (ಫಿಲಿಪ್ಪಿ 3:9). ಹಾಗಂತ ನಡತೆ ಹೇಗಿದ್ದರೂ ಆದೀತು ಎಂದಲ್ಲ. ಈ ಕವಚದಲ್ಲಿ ಬಿರುಕು ಬೀಳುವ ಜಾಗಗಳನ್ನು ಪೌಲನೇ ಎಫೆಸ 4:25–28ರಲ್ಲಿ ತೋರಿಸಿದ್ದಾನೆ: ಸುಳ್ಳು, ಹೊತ್ತು ಮುಳುಗಿದರೂ ಆರದ ಕೋಪ, ಕಳ್ಳತನ. ಸೈತಾನನಿಗೆ ಅವಕಾಶ ಕೊಡಬೇಡಿರಿ ಎಂಬ ಮಾತು ಬರುವುದು ಕೋಪದ ಬೆನ್ನಿಗೇ. ದೆವ್ವವನ್ನು ಗದರಿಸುತ್ತಾ ಗಂಟೆಗಟ್ಟಲೆ ಪ್ರಾರ್ಥಿಸುವವರು ಒಡಹುಟ್ಟಿದವರೊಡನೆ ಮಾತು ಬಿಟ್ಟು ವರ್ಷವಾಗಿರುತ್ತದೆ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ದೊಡ್ಡ ಬಿರುಕು.

ಮಲಗುವ ಮುನ್ನ ಆ ದಿನದ ಪಾಪವನ್ನು ಹೆಸರಿಟ್ಟೇ ಅರಿಕೆ ಮಾಡಿ (1 ಯೋಹಾನ 1:9). ಸುಳ್ಳು ಹೇಳಿದ್ದರೆ ಅವರಿಗೇ ಫೋನ್ ಮಾಡಿ ನಿಜ ತಿಳಿಸಿ. ತೂಕದಲ್ಲಿ ನೂರು ಗ್ರಾಂ ಕಡಿಮೆ ಕೊಟ್ಟಿದ್ದರೆ ನಾಳೆಯೇ ತುಂಬಿಕೊಡಿ.