ಓದುಗರ ಪ್ರಶ್ನೆ: ‘ಯೂಸೆಬೇಯ’ ಎಂದರೆ ಬರೀ ಭಕ್ತಿಯೇ?

ಪ್ರಶ್ನೆ: ಬೈಬಲ್ ಅಧ್ಯಯನದಲ್ಲಿ ಬೋಧಕರು ‘ಯೂಸೆಬೇಯ’ ಎಂಬ ಗ್ರೀಕ್ ಪದವನ್ನು ಬಿಡಿಸಿ, ‘ಯೂ’ ಎಂದರೆ ಒಳ್ಳೆಯ, ‘ಸೆಬೇಯ’ ಎಂದರೆ ಆರಾಧನೆ, ಆದ್ದರಿಂದ ‘ಒಳ್ಳೆಯ ಆರಾಧನೆ’ ಎಂದು ಅರ್ಥ ಹೇಳಿದರು. ನಮ್ಮ ಸತ್ಯವೇದದಲ್ಲಿ ಅಲ್ಲಿ ‘ಭಕ್ತಿ’ ಎಂದಿದೆ. ಯಾವುದು ಸರಿ?

ಉತ್ತರ: ಪದ ಬಿಡಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಬಿಡಿಸಿದ ತುಂಡುಗಳನ್ನು ಕೂಡಿಸಿ ಅರ್ಥ ಕಟ್ಟಿದ್ದು ಸರಿಯಲ್ಲ. ಒಂದು ಪದದ ಅರ್ಥ ಅದರ ಧಾತುವಿಗಿಂತ ಬಳಕೆಯಲ್ಲಿ ಸಿಗುತ್ತದೆ. ‘ಸೆಬ್’ ಧಾತುವಿನ ಹಳೆಯ ಭಾವ, ದೊಡ್ಡದರ ಎದುರು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವುದು. ಆ ಅಂಜಿಕೆ, ಆ ಗೌರವ ನಡತೆಯಲ್ಲಿ ಕಂಡಾಗ ಗ್ರೀಕರು ಅದನ್ನು ಯೂಸೆಬೇಯ ಎಂದರು. ಹಾಡು, ಪ್ರಾರ್ಥನೆ ಅದರೊಳಗೆ ಬರುತ್ತವೆ, ಅವೇ ಅದಲ್ಲ. ಧಾರ್ಮಿಕ ಆಚರಣೆಗೆ ಗ್ರೀಕಿನಲ್ಲಿ ‘ಥ್ರೇಸ್ಕೇಯ’ ಎಂಬ ಬೇರೆ ಪದವೇ ಇದೆ. ಯಾಕೋಬನ ಪತ್ರಿಕೆ 1:27ರಲ್ಲಿ ಇರುವುದು ಅದು.

ಹೊಸ ಒಡಂಬಡಿಕೆಯಲ್ಲಿ ಯೂಸೆಬೇಯ 15 ಸಲ ಬರುತ್ತದೆ: ಅಪೊಸ್ತಲರ ಕೃತ್ಯಗಳಲ್ಲಿ 1, ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲಿ 8, ಎರಡನೆಯದರಲ್ಲಿ 1, ತೀತನಿಗೆ ಬರೆದದ್ದರಲ್ಲಿ 1, ಪೇತ್ರನ ಎರಡನೆಯ ಪತ್ರಿಕೆಯಲ್ಲಿ 4. ನಾಲ್ಕು ಸುವಾರ್ತೆಗಳಲ್ಲಿ ಒಮ್ಮೆಯೂ ಇಲ್ಲ. ಇವಷ್ಟನ್ನೂ ಒಂದೇ ಸಂಜೆ ಕೂತು ಓದಿಬಿಡಬಹುದು, ದಯವಿಟ್ಟು ಓದಿ. ಜೊತೆಗೆ ಅದರ ಕ್ರಿಯಾಪದ ಬರುವ ಎರಡು ಕಡೆಗಳನ್ನೂ ನೋಡಿ. ಒಂದು, ಅಥೆನ್ಸಿನವರು ‘ತಿಳಿಯದ ದೇವರಿಗೆ’ ಸಲ್ಲಿಸುತ್ತಿದ್ದ ಪೂಜೆ (ಅಪೊ. 17:23). ಇನ್ನೊಂದು 1 ತಿಮೊಥೆಯ 5:4. ವಿಧವೆಗೆ ಮಕ್ಕಳು, ಮೊಮ್ಮಕ್ಕಳು ಇದ್ದರೆ ಅವರು ಮೊದಲು ಸ್ವಂತ ಮನೆಯವರ ವಿಷಯದಲ್ಲಿ ಇದನ್ನು ಕಲಿಯಲಿ, ಹೆತ್ತವರ ಋಣ ತೀರಿಸಲಿ ಎನ್ನುತ್ತದೆ ಆ ವಚನ. ‘ಆರಾಧನೆ’ ಎಂದು ಅಲ್ಲಿ ಹಾಕಿ ನೋಡಿ, ವಾಕ್ಯವೇ ನಿಲ್ಲುವುದಿಲ್ಲ. ಮುದಿ ತಾಯಿಗೆ ಊಟ, ಔಷಧ, ಆಸರೆ ಕೊಡುವುದೂ ಯೂಸೆಬೇಯವೇ.

‘ಭಕ್ತಿ’ ತಪ್ಪು ಅನುವಾದವೇನಲ್ಲ. ಆದರೆ ಕನ್ನಡದ ಕಿವಿಗೆ ಭಕ್ತಿ ಎಂದೊಡನೆ ಕೇಳುವುದು ಒಲವು, ಹಂಬಲ, ಕಣ್ಣೀರು. ಗ್ರೀಕ್ ಪದದಲ್ಲಿ ಆ ಬಿಸಿ ಕಡಿಮೆ, ಹೊಣೆಗಾರಿಕೆ ಹೆಚ್ಚು. ನನ್ನ ಮಟ್ಟಿಗೆ ನಮ್ಮ ‘ಭಯಭಕ್ತಿ’ ಇನ್ನೂ ಹತ್ತಿರ, ‘ದೇವರಿಗೆ ಅಂಜಿ ನಡೆಯುವುದು’ ಎಲ್ಲಕ್ಕಿಂತ ಹತ್ತಿರ, ಏಕೆಂದರೆ ಅದರಲ್ಲಿ ಅಂಜಿಕೆಯೂ ಇದೆ, ನಡೆಯೂ ಇದೆ. ಇಂಗ್ಲಿಷಿನ ‘ಗಾಡ್ಲಿನೆಸ್’ ಕೇಳಿ ಕೆಲವರು ‘ದೇವರಂತೆ ಆಗುವುದು’ ಎಂದು ವಿವರಿಸುತ್ತಾರೆ. ಗ್ರೀಕ್ ಪದದೊಳಗೆ ‘ದೇವರು’ ಎಂಬ ಪದವೇ ಇಲ್ಲ. ಅದು ಸೇರಿರುವ ಪದ ‘ಥೆಯೊಸೆಬೇಯ’, ಅದು ಹೊಸ ಒಡಂಬಡಿಕೆಯಲ್ಲಿ ಒಂದೇ ಕಡೆ ಬರುತ್ತದೆ, 1 ತಿಮೊಥೆಯ 2:10ರಲ್ಲಿ.

ಪ್ರಶ್ನೆ: ಇದು ಕ್ರೈಸ್ತರೇ ಹುಟ್ಟುಹಾಕಿದ ಪದವೇ?

ಉತ್ತರ: ಅಲ್ಲ, ಅವರಿಗಿಂತ ಶತಮಾನಗಳಷ್ಟು ಹಳೆಯದು. ಕ್ರಿ.ಪೂ. 399ರಲ್ಲಿ ಸಾಕ್ರೆಟಿಸನ ಮೇಲೆ ಅಥೆನ್ಸಿನಲ್ಲಿ ಹೊರಿಸಿದ ಆರೋಪ ಇದರ ವಿರುದ್ಧಪದವಾದ ‘ಅಸೆಬೇಯ’. ರೋಮಾಪುರದವರಿಗೆ ಬರೆದ ಪತ್ರಿಕೆ 1:18ರಲ್ಲಿ ದೇವರ ಕೋಪ ಯಾವುದರ ಮೇಲೆ ಎಂದು ಹೇಳುವಾಗ ಮೊದಲು ಬರುವುದೂ ಅದೇ ಪದ.

ಕನ್ನಡಿಗರು ತಿಳಿಯಲೇಬೇಕಾದ ಒಂದು ಸಂಗತಿಯೂ ಇದೆ. ಅಫ್ಘಾನಿಸ್ತಾನದ ಕಂದಹಾರದಲ್ಲಿ 1958ರಲ್ಲಿ ಅಶೋಕನ ಶಾಸನವೊಂದು ಸಿಕ್ಕಿತು, ಗ್ರೀಕ್ ಮತ್ತು ಅರಮಾಯಿಕ್ ಎರಡು ಭಾಷೆಗಳಲ್ಲಿ. ಅಶೋಕನ ‘ಧಮ್ಮ’ ಗ್ರೀಕಿನಲ್ಲಿ ‘ಯೂಸೆಬೇಯ’ ಆಗಿದೆ! ಪ್ರಾಣಿಹಿಂಸೆ ಬಿಡುವುದು, ತಂದೆತಾಯಿ ಮತ್ತು ಹಿರಿಯರ ಮಾತು ಕೇಳುವುದು ಅಲ್ಲಿಯ ವಿಷಯ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೂ ಅಶೋಕ ತಂದೆತಾಯಿಗಳ ಸೇವೆ, ಪ್ರಾಣಿಗಳ ಮೇಲೆ ದಯೆ, ಸತ್ಯ ನುಡಿಯುವುದು ಎಂದೇ ಕೆತ್ತಿಸಿದ್ದಾನೆ. ಧಮ್ಮ ಬೇರೆ, ಕ್ರೈಸ್ತರ ಯೂಸೆಬೇಯ ಬೇರೆ, ಎರಡನ್ನೂ ಒಂದು ಮಾಡಬಾರದು. ಆದರೆ ಹೆತ್ತವರನ್ನು ನೋಡಿಕೊಳ್ಳುವುದಕ್ಕೆ ಈ ಪದ ಒಗ್ಗುತ್ತಿತ್ತು ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಪ್ರಶ್ನೆ: ಕಥೋಲಿಕರ ಧರ್ಮೋಪದೇಶದಲ್ಲಿ ಪವಿತ್ರಾತ್ಮರ ವರಗಳು ಏಳು. ಆದರೆ ನನ್ನ ಬೈಬಲಿನ ಯೆಶಾಯ 11:2ರಲ್ಲಿ ಎಣಿಸಿದರೆ ಆರೇ ಸಿಗುತ್ತವೆ. ಒಂದು ಎಲ್ಲಿ ಹೋಯಿತು?

ಉತ್ತರ: ಹೀಬ್ರೂ ಮೂಲದಲ್ಲಿ ಇರುವುದು ಆರೇ: ಜ್ಞಾನ, ವಿವೇಕ, ಆಲೋಚನೆ, ಪರಾಕ್ರಮ, ತಿಳಿವಳಿಕೆ, ಕರ್ತನ ಭಯ. ಆದರೆ ‘ಕರ್ತನ ಭಯ’ ಎಂಬ ಮಾತು 3ನೆಯ ವಚನದ ಆರಂಭದಲ್ಲಿ ಮತ್ತೆ ಬರುತ್ತದೆ. ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುವಜಿಂಟ್ ಮೊದಲ ಸಲಕ್ಕೆ ‘ಯೂಸೆಬೇಯ’ ಎಂದೂ ಎರಡನೆಯ ಸಲಕ್ಕೆ ‘ದೇವಭಯ’ ಎಂದೂ ಹಾಕಿತು. ಲ್ಯಾಟಿನ್ ಬೈಬಲಿನಲ್ಲೂ ಹಾಗೆಯೇ ಬಂದು, ಅಲ್ಲಿಂದ ವರಗಳು ಏಳಾದವು. ನಿಮ್ಮ ಕೈಯಲ್ಲಿರುವುದು ಹೀಬ್ರೂವಿನಿಂದ ಆದ ಅನುವಾದ, ನಿಮ್ಮ ಎಣಿಕೆ ಸರಿಯಾಗಿಯೇ ಇದೆ.

ಪ್ರಶ್ನೆ: ‘ಭಕ್ತಿಯಲ್ಲಿ ಸಾಧನೆ ಮಾಡು’ ಎಂದು 1 ತಿಮೊಥೆಯ 4:7 ಹೇಳುತ್ತದೆ. ಸಾಧನೆ ಎಂದರೆ ಉಪವಾಸ, ಜಾಗರಣೆಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಅಲ್ಲಿಯ ಕ್ರಿಯಾಪದ ‘ಗುಮ್ನಾಜೊ’, ನಮ್ಮ ಜಿಮ್‌ನ ಮೂಲ. ಅಖಾಡದ ಮಾತು ಅದು, ದಿನವೂ ಮಾಡಿ ಮೈಗೂಡಿಸಿಕೊಳ್ಳುವ ಕೆಲಸ. ದೇಹ ದಂಡಿಸುವುದೇ ಸಾಧನೆ ಎಂದುಕೊಳ್ಳಬೇಡಿ. ಮದುವೆ ಬೇಡ, ಇಂಥಿಂಥ ಆಹಾರ ಬೇಡ ಎನ್ನುವವರನ್ನು ಪತ್ರಿಕೆ ನಾಲ್ಕೇ ವಚನ ಹಿಂದೆ, 4:3ರಲ್ಲಿ, ಖಂಡಿಸಿದೆ. ಉಪವಾಸ ಮಾಡುವುದಾದರೆ ಮಾಡಿ, ಅದನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ.

ಅಭ್ಯಾಸಗಳು ಪತ್ರಿಕೆಯಲ್ಲೇ ಇವೆ. ಮೊದಲು ಕಟ್ಟುಕಥೆ, ವ್ಯರ್ಥ ವಾದ ಬಿಡುವುದು. ಆಮೇಲೆ ವಾಕ್ಯ ಓದುವುದು (4:13), ಆ ಕಾಲಕ್ಕೆ ಅದು ಸಭೆಯಲ್ಲಿ ಗಟ್ಟಿಯಾಗಿ ಓದುವುದು. ಮನೆಯಲ್ಲೂ ದಿನಕ್ಕೊಂದು ಅಧ್ಯಾಯ ಗಟ್ಟಿಯಾಗಿ ಓದಿದರೆ ಆರು ದಿನಕ್ಕೆ ಈ ಪತ್ರಿಕೆ ಮುಗಿಯುತ್ತದೆ. ಮಾತು, ನಡತೆ, ಪ್ರೀತಿ, ನಂಬಿಕೆ, ಶುದ್ಧತೆ ಎಂದು 4:12 ಹೇಳುವ ಐದರಲ್ಲಿ ತಾನು ಎಲ್ಲಿ ಸೋಲುತ್ತಿದ್ದೇನೆ ಎಂದು ನೋಡಿ ಅದನ್ನೇ ಹಿಡಿಯುವುದು. ಹೆತ್ತವರ ಹೊಣೆ ಹೊರುವುದು. ಅನ್ನ, ಬಟ್ಟೆ ಇದ್ದರೆ ಸಾಕೆನ್ನುವ ಸಂತೃಪ್ತಿ (6:6–8).

ಈ ಸಂತೃಪ್ತಿ ಎಲ್ಲಿ ತಪ್ಪುತ್ತದೋ ಅಲ್ಲೇ ಎಲ್ಲವೂ ಕೆಡುತ್ತದೆ. 6:5ರಲ್ಲಿ ಯೂಸೆಬೇಯವನ್ನು ಲಾಭದ ದಾರಿ ಎಂದುಕೊಂಡವರನ್ನು ಪತ್ರಿಕೆ ಬುದ್ಧಿಗೆಟ್ಟವರು ಎನ್ನುತ್ತದೆ. ಕಾಣಿಕೆ ಕೊಟ್ಟರೆ ಇಷ್ಟು ಪಟ್ಟು ಹಿಂದಿರುಗುತ್ತದೆ ಎಂಬ ಬೋಧನೆ ಕೇಳಿದಾಗ ಆ ವಚನ ತೆರೆದು ಓದಿ. ಇನ್ನೊಂದು ಕೇಡು 2 ತಿಮೊಥೆಯ 3:5ರಲ್ಲಿದೆ, ಭಕ್ತಿಯ ವೇಷ ಇದ್ದು ಅದರ ಶಕ್ತಿಯನ್ನು ಒಪ್ಪದಿರುವುದು. ಅದರ ಲಕ್ಷಣಗಳ ಪಟ್ಟಿ ಅದಕ್ಕೂ ಮೊದಲೇ, 2ನೆಯ ವಚನದಿಂದ ಶುರು, ಅದರಲ್ಲಿ ಹೆತ್ತವರಿಗೆ ಅವಿಧೇಯತೆಯೂ ಸೇರಿದೆ.

ಪ್ರಶ್ನೆ: ಉಚ್ಚಾರಣೆ ಹೇಗೆ?

ಉತ್ತರ: ಸೆಮಿನರಿಗಳಲ್ಲಿ ಸಾಮಾನ್ಯವಾಗಿ ‘ಯೂಸೆಬೇಯ’. ಇಂದಿನ ಗ್ರೀಕರು ‘ಎಫ್ಸೇವಿಯ’ ಎನ್ನುತ್ತಾರೆ. ಒತ್ತು ಎರಡರಲ್ಲೂ ‘ಸೆ’ ಮೇಲೆ. ಸಭಾ ಇತಿಹಾಸಕಾರ ಕೈಸರೈಯದ ಯುಸೇಬಿಯಸ್‌ನ ಹೆಸರು ಬಂದದ್ದು ಈ ಪದದಿಂದಲೇ, ಸೆಬಾಸ್ಟಿಯನ್ ಎಂಬ ಹೆಸರಿನಲ್ಲಿರುವುದೂ ಇದೇ ‘ಸೆಬ್’.